ನೀಲವ್ವ ಕೊಟ್ಟ ಬೆಲ್ಲ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಒಬ್ಬ ಗುರು, ಏಳೆಂಟು ಮಂದಿ ಶಿಷ್ಯರು. ಗುರುವನ್ನು ಆ ಸೀಮೆಯವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜಾರಿಗೆ ಒಂದು ಅಭ್ಯಾಸ. ಮಾತಾಡುತ್ತ ಮಾತಾಡುತ್ತ ಸುಮ್ಮನಾಗಿಬಿಡುವರು. ಆಗ ಅವರ ಎಡಗೆನ್ನೆ ಒಳಗಿನಿಂದ ಮೆಲ್ಲಗೆ ಅಲ್ಲಾಡುತ್ತಿತ್ತು. ಅದು ಗುಪ್ತ ಜಪ ಎಂದು ಶಿಷ್ಯರು ನಂಬಿದ್ದರು. ಇಬ್ಬರಂತೂ ಮರೆಯಲ್ಲಿ ಕೂತು ತಾವೂ ಕೆನ್ನೆ ಅಲ್ಲಾಡಿಸಿ ನೋಡಿದ್ದರು. ಏನೂ ಸಿದ್ಧಿಸಿರಲಿಲ್ಲ.

ಶಿಷ್ಯರಲ್ಲಿ ಕಾಳಪ್ಪ ತಡವಾಗಿ ಬಂದವನು. ಐವತ್ತು ದಾಟಿದ ಬಡಗಿ. ಎರಡು ವರ್ಷದ ಹಿಂದೆ ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಉಳಿ, ಬಾಚಿ, ಕರಗಸ ಎಲ್ಲ ತಮ್ಮನಿಗೆ ಕೊಟ್ಟು ಬಂದಿದ್ದ. ತನಗಾಗಿ ತಂದದ್ದು ಎರಡು ಧೋತರ, ಮತ್ತೆ ನೀಲವ್ವನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಬೆಲ್ಲದ ಪೆಂಟಿ. ಆಗ ಅದು ತೆಂಗಿನಕಾಯಿಯಷ್ಟು ದಪ್ಪ ಇತ್ತು. ಅದನ್ನು ಅವಳೇ ಗಾಣದ ಮನೆಯಲ್ಲಿ ಕೂತು, ಪಾಕ ಚೆನ್ನಾಗಿ ಬಂದದ್ದು ನೋಡಿ ಆರಿಸಿ ತಂದಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕಾಳಪ್ಪ ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟ. ಇಟ್ಟವನು ಹಾಗೇ ಕೂತುಬಿಟ್ಟ. ಕಣ್ಣಲ್ಲಿ ನೀರು.

“ಖಾರ ಆತೇನೋ?” ಅಂದರು ಅಜ್ಜಾರು.

“ಇಲ್ರಿ ಅಜ್ಜಾರ. ಹಲ್ಲ ನೋಯ್ತೈತ್ರಿ.”

“ಯಾವಾಗಿಂದ?”

“ಸುಗ್ಗಿಯಿಂದ್ರಿ.”

“ಸುಗ್ಗಿಯಿಂದ! ಇಷ್ಟ ದಿನ ಯಾಕ ಹೇಳಲಿಲ್ಲ?”

“ದೇಹದ ನೋವಿಗೆ ಲಕ್ಷ್ಯ ಕೊಡಬಾರದು ಅಂತ ನೀವ ಹೇಳಿದ್ರಲ್ರಿ. ಇದೂ ಒಂದು ತಪಸ್ಸು ಅಂತ ತಡಕೊಂಡೆ.”

“ನಾ ಹೇಳಿದ್ದು ಸೊಳ್ಳಿ ಕಡಿಯೂದರ ಬಗ್ಗೆ. ಬಾಯಿ ತೆಗಿ.”

ಕಾಳಪ್ಪ ಬಾಯಿ ತೆರೆದ. ಕೆಳಗಿನ ದವಡೆಹಲ್ಲಿನಲ್ಲಿ ಕಪ್ಪನೆಯ ತೂತು. ಅಜ್ಜಾರು ಬಗ್ಗಿ ನೋಡಿದರು.

“ಇದು ರೊಟ್ಟಿ ತಿಂದು ಆದದ್ದಲ್ಲ. ಬಾಯಾಗ ಏನ ಇಟಗೋತಿ?”

ಕಾಳಪ್ಪನಿಗೆ ಮುಖ ಎತ್ತಲಾಗಲಿಲ್ಲ. ದಿನಾ ಮಲಗುವಾಗ ಆ ಪೆಂಟಿಯಿಂದ ಕಡಲೆಕಾಳಿನಷ್ಟು ಬೆಲ್ಲ ಮುರಿದು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಅಗಿಯುತ್ತಿರಲಿಲ್ಲ, ನುಂಗುತ್ತಲೂ ಇರಲಿಲ್ಲ. ಯಾರಿಗೂ ಹೇಳದಿದ್ದ ಇದನ್ನು ಈಗ ಅಜ್ಜಾರಿಗೆ ಹೇಳಿದ.

“ಅದು ಕರಗೂತನಕಾ ಆಕಿ ಇಲ್ಲೇ ಅದಾಳ ಅನಸ್ತೈತ್ರಿ. ಈಗ ಲಿಂಬಿಹಣ್ಣಿನಷ್ಟ ಉಳದೈತಿ. ಮುಗದ ಮ್ಯಾಲ ಏನ ಮಾಡ್ಲಿ ಅನ್ನೂದ ಅಂಜಿಕಿ.”

ಅಷ್ಟು ಹೇಳಿದ ಮೇಲೆ ಕಾಳಪ್ಪನಿಗೇ ನಾಚಿಕೆಯಾಯಿತು.

“ತಪ್ಪಾತ್ರಿ. ಮರೀಬೇಕು ಅಂತನ ಇಲ್ಲಿಗೆ ಬಂದಾವ ನಾನು. ಈ ಹಲ್ಲ ಕೀಳಿಸಿಬಿಡ್ತೀನಿ. ಉಳಿದ ಬೆಲ್ಲಾನೂ ಹೊಳಿಗೆ ಒಗಿತೀನಿ. ಎರಡೂ ಒಮ್ಮೆಲೇ ಮುಗೀಲಿ.”

ಅಜ್ಜಾರ ಎಡಗೆನ್ನೆ ಅಲ್ಲಾಡಿತು.

“ನಾಳೆ ಡಾಕ್ಟರ್ ಕಡೆ ಹೋಗೂಣ,” ಅಂದರು.

ಮರುದಿನ ಇಬ್ಬರೂ ಬಸ್ಸು ಹತ್ತಿ ಪೇಟೆಗೆ ಹೋದರು. ಹಲ್ಲಿನ ಡಾಕ್ಟರ್ ಒಬ್ಬ ಹೆಣ್ಣುಮಗಳು. ಸಣ್ಣ ಕನ್ನಡಿ ಹಿಡಿದು ನೋಡಿದಳು, ಎಕ್ಸ್-ರೇ ತೆಗೆದಳು.

“ಹುಳುಕು ನರದ ತನಕಾ ಹೋಗೈತ್ರಿ. ಆದ್ರ ಬೇರು ಗಟ್ಟಿ ಅದಾವು. ಹಲ್ಲ ಉಳಸಬಹುದು.”

“ಉಳಸೂದ ಬ್ಯಾಡ್ರಿ, ಕೀಳ್ರಿ,” ಅಂದ ಕಾಳಪ್ಪ.

ಡಾಕ್ಟರ್ ಅಜ್ಜಾರ ಕಡೆ ತಿರುಗಿದಳು. “ನೀವೇನಂತೀರಿ ಅಜ್ಜಾರ?”

“ಹಲ್ಲು ಅವನದು, ತಂಗಿ.”

ಅವಳು ಸ್ಟೂಲು ಎಳೆದುಕೊಂಡು ಕಾಳಪ್ಪನ ಎದುರಿಗೆ ಕೂತಳು. “ಇದಕ್ಕ ರೂಟ್ ಕೆನಾಲ್ ಅಂತಾರ್ರಿ. ಒಳಗ ಕೆಟ್ಟದ್ದಷ್ಟ ತೆಗೀತೀವಿ, ತೊಳೀತೀವಿ, ತುಂಬತೀವಿ. ಮ್ಯಾಲೊಂದು ಕ್ಯಾಪ್ ಹಾಕ್ತೀವಿ. ಎರಡ್ ಮೂರ್ ಸಲ ಬರಬೇಕಾಗ್ತೈತಿ. ಬಾಜೂದ ಹಲ್ಲಿಗೂ ಸಣ್ಣ ತೂತು ಬಿದ್ದೈತಿ, ಅದಕ್ಕ ಇವತ್ತ ಸಿಮೆಂಟ್ ತುಂಬಿದ್ರ ಸಾಕು, ಮುಂದ ಹೋಗಂಗಿಲ್ಲ.”

ಬಡಗಿಯ ಬುದ್ಧಿ ಸುಮ್ಮನಿರಲಿಲ್ಲ. ಗೆದ್ದಲು ಹತ್ತಿದ ಎಷ್ಟು ಚೌಕಟ್ಟುಗಳನ್ನು ಕೆತ್ತಿ, ಹೊಸ ಕಟ್ಟಿಗೆ ಕೂಡಿಸಿ, ಅವನೂ ಉಳಿಸಿರಲಿಲ್ಲ!

“ಅಷ್ಟು ತೆಗದಮ್ಯಾಲ ಅದು ನನ್ನ ಹಲ್ಲ ಆಗೇ ಉಳೀತೈತೇನ್ರಿ?”

“ನಿಮ್ಮದ ಹಲ್ಲು. ರೊಟ್ಟಿ ಕಡೀಬಹುದು.”

“ಬೆಲ್ಲ?” ಬಾಯಿ ತಪ್ಪಿ ಬಂತು.

ಡಾಕ್ಟರ್ ನಕ್ಕಳು. “ತಿನ್ರಿ, ಯಾರು ಬ್ಯಾಡಂದ್ರು? ಊಟದ ಜೊತಿ ತಿನ್ರಿ, ಬಾಯಿ ಮುಕ್ಕಳಸ್ರಿ. ಬೆಳಿಗ್ಗೆ ಒಮ್ಮೆ, ಮಲಗೂ ಮುಂದ ಒಮ್ಮೆ ಬ್ರಶ್ ಮಾಡ್ರಿ. ಬಾಯಾಗ ಇಟಗೊಂಡ ಮಾತ್ರ ಮಲಗಬ್ಯಾಡ್ರಿ. ನಿದ್ದಿಯೊಳಗ ಜೊಲ್ಲು ಕಡಿಮಿ ಆಗ್ತೈತಿ, ಸಿಹಿ ಹಲ್ಲಿಗೇ ಹತ್ತಿ ಕೂಡತೈತಿ.”

ಆ ದಿನ ಸಣ್ಣ ತೂತು ತುಂಬಿ, ದೊಡ್ಡದಕ್ಕೆ ಔಷಧ ಇಟ್ಟು ಮುಚ್ಚಿದಳು. ಕೀಳೂದೋ ಉಳಸೂದೋ ವಿಚಾರ ಮಾಡಿ ಶುಕ್ರವಾರ ಬರ್ರಿ ಅಂದಳು.

ತಿರುಗಿ ಬಂದಾಗ ಇನ್ನೂ ಬಿಸಿಲಿತ್ತು. ಕಾಳಪ್ಪ ಒಳಗೆ ಹೋಗಿ ಸೀರೆಯ ಗಂಟು ತಂದ. ನೆಟ್ಟಗೆ ಹೊಳೆಗೆ ಇಳಿದ. ಗಂಟು ಬಿಚ್ಚಿ ಬೆಲ್ಲ ಕೈಗೆ ತೆಗೆದುಕೊಂಡ. ನೀರಿಗೆ ಎಸೆಯಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

“ತಡಿ,” ಹಿಂದಿನಿಂದ ಅಜ್ಜಾರು ಅಂದರು. “ನನಗೊಂದ ಚೂರ ಕೊಡು.”

ಕಾಳಪ್ಪ ಮುರಿದು ಕೊಟ್ಟ. ಅಜ್ಜಾರು ಬಲಗಡೆಯಿಂದ ಅಗಿದು ತಿಂದರು.

“ಚೊಲೋ ಐತಿ. ಆಕಿ ಇದನ್ನ ಯಾವಾಗ ಕೊಡ್ತಿದ್ಲು?”

“ನಾ ಕೆಲಸ ಮುಗಿಸಿ ಬಿಸಲಾಗಿಂದ ಬಂದ ಕೂಡ್ಲೆ ಕಟ್ಟಿ ಮ್ಯಾಲ ಕುಂಡರಸ್ತಿದ್ಲರಿ. ಅಂಗೈಯಾಗ ಬೆಲ್ಲ ಇಡ್ತಿದ್ಲು.”

“ಬರೇ ಬೆಲ್ಲ?”

ಹೌದು ಅನ್ನಲು ಹೋದ ಕಾಳಪ್ಪನಿಗೆ ಆಗ ಹೊಳೆಯಿತು. ಬಿಸಿಲಿನಿಂದ ಬಂದವರಿಗೆ ಆ ನಾಡಿನಲ್ಲಿ ಯಾರೂ ಬರೀ ಬೆಲ್ಲ ಕೊಡುವುದಿಲ್ಲ. ನೀಲವ್ವನ ಇನ್ನೊಂದು ಕೈಯಲ್ಲಿ ಹಿತ್ತಾಳೆ ತಂಬಿಗೆ ಇರುತ್ತಿತ್ತು. ಅದು ಖಾಲಿಯಾಗುವ ತನಕ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. “ಕುಡೀರಿ. ಬಾಯಿ ಮುಕ್ಕಳಿಸಿ ಒಳಗ ಬರ್ರಿ.”

ಅವಳ ದನಿ! ಎರಡು ವರ್ಷ ಬೆಲ್ಲ ಬಾಯಲ್ಲಿಟ್ಟು ಮಲಗಿದರೂ ಒಂದು ದಿನವೂ ಕೇಳಿಸದಿದ್ದ ದನಿ.

“ನೀರೂ ಕೊಡ್ತಿದ್ಲರಿ,” ಅಂದ.

“ಅದನ್ನ ಯಾಕ ಬಿಟ್ಟಿ?”

ಕಾಳಪ್ಪ ದಂಡೆಯ ಮೇಲೆ ಕುಸಿದು ಕೂತು ಅತ್ತ. ಸುಡುಗಾಡಿನಲ್ಲೂ ಅಷ್ಟು ಅತ್ತಿರಲಿಲ್ಲ. ಅಜ್ಜಾರು ತಡೆಯಲಿಲ್ಲ. ಆಶ್ರಮದಿಂದ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿ ಇಟ್ಟರು. ಕಾಳಪ್ಪ ಚೂರು ಬೆಲ್ಲ ತಿಂದ, ನೀರು ಕುಡಿದ, ಬಾಯಿ ಮುಕ್ಕಳಿಸಿದ. ಉಳಿದದ್ದನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದ.

ಗಂಟು ಕಟ್ಟುತ್ತ ಕೇಳಿದ. “ಅಜ್ಜಾರ, ಹಲ್ಲ ಉಳಿಸಿದ್ರ ಈ ನೆನಪೂ ಉಳೀತೈತಿ. ಕೀಳಿಸಿದ್ರ ಒಮ್ಮೆಲೇ ಪಾರಾಗ್ತೀನಿ ಅಲ್ರಿ?”

ಅಜ್ಜಾರು ಸುಮ್ಮನಾದರು. ಎಡಗೆನ್ನೆ ಅಲ್ಲಾಡಿತು. ಜಪ ಮುಗಿಯಲಿ ಎಂದು ಕಾಳಪ್ಪ ತಲೆ ಬಗ್ಗಿಸಿ ಕಾದ.

ಅಜ್ಜಾರು ಅವನ ಗದ್ದ ಹಿಡಿದು ಮುಖ ಎತ್ತಿದರು. ತಮ್ಮ ಬಾಯಿ ತೆರೆದು ಎಡಗಡೆ ಬೆರಳಿಟ್ಟು ತೋರಿಸಿದರು. ಅಲ್ಲಿ ಒಂದು ಹಲ್ಲಿರಲಿಲ್ಲ. ಆಚೀಚಿನ ಹಲ್ಲುಗಳು ಆ ಖಾಲಿ ಜಾಗದ ಕಡೆ ವಾಲಿದ್ದವು.

“ನಾ ಮನಿ ಬಿಟ್ಟ ವರ್ಷ ಇದು ನೋಯ್ತಿತ್ತು. ಬಾಗಲದಾಗ ನಿಂತು ಕರಿಯೂ ಅವ್ವನ್ನ ಹೊರಳಿ ನೋಡದ ಬಂದಾವ ನಾನು, ಒಂದು ಹಲ್ಲಿಗೆ ಯಾಕ ಮರುಗ್ಲಿ ಅಂತ ಕೀಳಿಸಿ ಒಗದೆ.”

“ನೋವು ಹೋತೇನ್ರಿ?”

“ನೋವು ಅವತ್ತ ಹೋತು, ಕಾಳಪ್ಪ. ನಾಲಿಗಿ ನಲವತ್ತು ವರ್ಷದಿಂದ ಅಲ್ಲೇ ಹುಡಕಾಕ ಹತ್ತೈತಿ.”