ತಣಿಗುಲುಮೆ ಕೆರೆಗೆ ಆ ಹೆಸರು ಬಂದ ಬಗೆ

ಪೇಟೆಯಿಂದ ಬರುವ ಬಸ್ಸು ಮರಡಿ ಗುಡ್ಡದ ತಿರುವಿನಲ್ಲಿ ನಿಂತಾಗ ಎಡಕ್ಕೆ ಕಾಣುವ ನೀರೇ ತಣಿಗುಲುಮೆ ಕೆರೆ. ದೊಡ್ಡ ಕೆರೆಯೇನಲ್ಲ, ಒಳ್ಳೆಯ ಮಳೆಯಾದ ವರ್ಷ ಅರವತ್ತು ಎಕರೆ ಗದ್ದೆಗೆ ನೀರು ಕೊಡುತ್ತದೆ, ಉಳಿದ ವರ್ಷ ದನಕರುಗಳಿಗೆ ಸಾಕಾಗುತ್ತದೆ. ಇದರ ಏರಿ ಮಾತ್ರ ಸುತ್ತಮುತ್ತಲ ಯಾವ ಕೆರೆಯ ಏರಿಯಂತೆಯೂ ಇಲ್ಲ. ಮಣ್ಣಿನ ನಡುವೆ ಕಪ್ಪಗೆ ಮಿರುಗುವ, ತೂತುತೂತಾದ ಹೆಂಟೆಗಳು ಇಣುಕುತ್ತವೆ. ಬರಿಗಾಲಲ್ಲಿ ನಡೆದರೆ ಅಂಗಾಲು ಕೊಯ್ಯುತ್ತದೆ. ಅದು ಕಿಟ್ಟ, ಅಂದರೆ ಕುಲುಮೆಯಲ್ಲಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸ. ಕಬ್ಬಿಣದ ಕಸದಿಂದ ಕೆರೆ ಕಟ್ಟಿದವರು ಯಾರು, ತಣಿದ ಕುಲುಮೆ ಯಾವುದು ಎಂದು ಕೇಳಿದರೆ ಊರಿನ ಹಿರಿಯರು ಕಾಟಯ್ಯನ ಕತೆ ಹೇಳುತ್ತಾರೆ. ಹೇಳುವಾಗ ಅವನನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಈ ಮರಡಿಯ ಮೇಲೆ ಬಿಸಿಲು ನೆಲ ಮುಟ್ಟದಂಥ ಕಾಡಿತ್ತು ಎನ್ನುತ್ತಾರೆ. ದಿಂಡಿಗ, ಹೊನ್ನೆ, ಕಮರ, ತಾರೆ ಮರಗಳ ಕಾಡು. ನೆತ್ತಿಯ ಹತ್ತಿರ ಒಂದು ಒರತೆ. ಅದರಿಂದ ಇಳಿದ ಹಳ್ಳ ಊರಿಗೆಲ್ಲ ನೀರು. ಹಳ್ಳದ ಮರಳಿನಲ್ಲಿ ಕರಿಯ ಕಬ್ಬಿಣದ ಪುಡಿ ಬೆರೆತಿರುತ್ತಿತ್ತು. ಅದನ್ನು ತೊಳೆದು, ಇದ್ದಿಲಿನೊಡನೆ ಮಣ್ಣಿನ ಕುಲುಮೆಗೆ ಸುರಿದು, ಗಾಳಿ ಊದುವ ತೊಗಲಿನ ತಿದಿ ಒತ್ತಿ ಕಬ್ಬಿಣ ತೆಗೆಯುವ ಏಳು ಮನೆಗಳು ಮರಡಿಯ ತಪ್ಪಲಲ್ಲಿದ್ದವು, ಕಾಟಯ್ಯನದು ಅವುಗಳಲ್ಲೊಂದು. ಅವನ ತಂದೆಯ ಕಾಲಕ್ಕೆ ಏಳು ಮನೆಗೂ ಸೇರಿ ಇದ್ದದ್ದು ಒಂದೇ ಕುಲುಮೆ, ವಾರಕ್ಕೊಂದು ದಿನ ಉರಿಯುತ್ತಿತ್ತು. ಅದಕ್ಕೂ ಮೊದಲು ಒಕ್ಕಲಿಗರು ಜಾಲಿಮರದ ಮೊನೆಯಲ್ಲಿ ಉಳುತ್ತಿದ್ದರು. ಗಟ್ಟಿ ನೆಲ ಸಿಕ್ಕರೆ ಮೊನೆ ಮುರಿಯುತ್ತಿತ್ತು, ಹದ ಕಳೆಯುತ್ತಿತ್ತು, ಆ ವರ್ಷ ಅಂಬಲಿಗೂ ಗತಿಯಿರುತ್ತಿರಲಿಲ್ಲ. ನೇಗಿಲಿಗೆ ಕಬ್ಬಿಣದ ಗುಳ ಬಂದ ಮೇಲೆ ಬೀಳುನೆಲವೆಲ್ಲ ಬಾಯಿ ಬಿಟ್ಟಿತು. ಹಾರೆ ಬಂತು, ಬಾವಿಗಳಾದವು. ಊರಿನ ಮಕ್ಕಳ ಹೊಟ್ಟೆ ತುಂಬಿತು. ತನ್ನ ಕಸುಬಿನ ಬಗ್ಗೆ ಕಾಟಯ್ಯನಿಗೆ ಹೆಮ್ಮೆಯಿದ್ದರೆ ಅದು ಸುಮ್ಮನೆ ಬಂದದ್ದಲ್ಲ.

ಕುಲುಮೆಯ ಬಾಯಲ್ಲಿ ಏಳುವ ಉರಿಯ ಬಣ್ಣ ನೋಡಿಯೇ ಒಳಗೆ ಏನಾಗುತ್ತಿದೆ ಎಂದು ಹೇಳಬಲ್ಲವನು ಕಾಟಯ್ಯ. ಅವನ ಕೈಯ ಕಬ್ಬಿಣ ಬಾಗಿದರೂ ಮುರಿಯುವುದಿಲ್ಲ ಎಂಬ ಮಾತು ಕೋಟೆಯವರೆಗೂ ಹೋಯಿತು. ಪಾಳೆಯಗಾರನ ಪಾರುಪತ್ಯಗಾರ ಕುದುರೆಯೇರಿ ಬಂದು ನೋಡಿದ. ಊರಿಗೆ ಕಂದಾಯ ಮಾಫಿ ಎಂದ. ಅದರ ಬದಲಿಗೆ ಕೋಟೆಗೆ ಕಬ್ಬಿಣ ಎಂದ. ಯಾರಿಗೂ ತಕರಾರಿರಲಿಲ್ಲ. ಒಂದು ಕುಲುಮೆ ಹತ್ತಾಯಿತು, ಹತ್ತು ನಲವತ್ತಾಯಿತು. ಬೇರೆ ಸೀಮೆಗಳಿಂದ ಜನ ಕರೆಸಿದರು. ಒಂದು ಹೊರೆ ಕಬ್ಬಿಣಕ್ಕೆ ಒಂದು ಗಾಡಿ ಸೌದೆ ಬೇಕು. ಕಾಡು ಮೊದಲು ತಪ್ಪಲು ಬಿಟ್ಟಿತು, ಆಮೇಲೆ ಸೊಂಟ ಬಿಟ್ಟಿತು. ಹನ್ನೆರಡು ವರ್ಷದಲ್ಲಿ ಒರತೆಯ ಸುತ್ತಲಿನ ಒಂದು ತೋಪು ಬಿಟ್ಟರೆ ಮರಡಿಯ ಮೇಲೆ ಉಳಿದದ್ದು ಬೊಡ್ಡೆಗಳು ಮಾತ್ರ.

ಕಾಟಯ್ಯನಿಗೆ ಅಳುಕು ಹತ್ತಿದ್ದು ಆಗ. ಅವನ ಹೆಂಡತಿ ಜಕ್ಕವ್ವ ನೀರಿಗೆ ಹೋದವಳು ಬರುವುದು ತಡವಾಗತೊಡಗಿತು. ಮೊದಲು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುವುದರೊಳಗೆ ಕೊಡ ತುಂಬುತ್ತಿತ್ತು. ಈಗ ಒಂದು ಮಗುವಿನ ತಲೆಯ ಹೇನೆಲ್ಲ ಹೆಕ್ಕಿ ಮುಗಿಸಿದರೂ ತುಂಬುವುದಿಲ್ಲ ಎಂದು ಅವಳು ನಗುತ್ತ ಹೇಳಿದಳು. ಅವನಿಗೆ ನಗು ಬರಲಿಲ್ಲ. ದಿನವೂ ಬೆಳಗ್ಗೆ ಮರಡಿ ಹತ್ತಿ ಒರತೆಯ ಕಲ್ಲಿನ ಹತ್ತಿರ ಕೂರುವುದು, ತೊಟ್ಟಿಕ್ಕುವ ನೀರನ್ನು ನೋಡುವುದು ಅವನ ಚಾಳಿಯಾಯಿತು. ಹಳ್ಳದಲ್ಲಿ ಅದಿರು ತೊಳೆದ ಕೆಸರು ತುಂಬಿ ಕೆಳಗಿನ ಗದ್ದೆಗಳು ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗುತ್ತಿದ್ದವು. ತಿದಿ ಒತ್ತುವವರು ಮೂವತ್ತಕ್ಕೇ ಕೆಮ್ಮಿ ಕೆಮ್ಮಿ ಕೂತುಬಿಡುತ್ತಿದ್ದರು. ಆದರೂ ಕಣಜಗಳು ತುಂಬಿದ್ದವು. ಯಾರ ಮನೆಯಲ್ಲೂ ಒಲೆ ಹಚ್ಚದ ದಿನವಿರಲಿಲ್ಲ. ಇದನ್ನು ಬೇಡ ಅನ್ನುವುದು ಹೇಗೆ?

ಆ ವರ್ಷ ಯುಗಾದಿಯಾದ ಮೇಲೆ ಪಾರುಪತ್ಯಗಾರ ಮತ್ತೆ ಬಂದ. ಎಲ್ಲೋ ಯುದ್ಧ ಹತ್ತಿರವಾಗಿತ್ತು. ಕೂಡಿಟ್ಟ ಇದ್ದಿಲನ್ನೆಲ್ಲ ಸುರಿದು ನಲವತ್ತು ಕುಲುಮೆಗಳನ್ನೂ ಒಂದೇ ದಿನ ಹೊತ್ತಿಸಬೇಕು, ಅದು ಮುಗಿಯುತ್ತಲೇ ತೋಪು ಕಡಿದು ಮಳೆಗಾಲದೊಳಗೆ ಹೊಸ ಇದ್ದಿಲು ಸುಡಬೇಕು ಎಂದು ಅಪ್ಪಣೆ ಮಾಡಿದ. ಕಾಟಯ್ಯ ಕೈಮುಗಿದು ನಿಂತ.

"ಬುದ್ಧಿ, ತೋಪು ಹೋದ್ರೆ ಒರತೆ ನಿಲ್ತದೆ. ಒರತೆ ನಿಂತ್ರೆ ಊರು ಏಳಬೇಕಾಯ್ತದೆ."

"ನಿಮ್ಮಪ್ಪ ಮೊದಲು ಮರ ಕಡಿದಾಗ ಹೀಗೆ ಯಾರಾದರೂ ಅಡ್ಡ ನಿಂತಿದ್ದರೆ," ಎಂದ ಪಾರುಪತ್ಯಗಾರ, "ನೀನು ಇವತ್ತಿಗೂ ಜಾಲಿಮೊನೆಯಲ್ಲಿ ಉಳುತ್ತಿದ್ದೆ. ನಿನ್ನ ಮಕ್ಕಳಲ್ಲಿ ಎಷ್ಟು ಉಳಿಯುತ್ತಿದ್ದವು, ಹೇಳು."

ಕಾಟಯ್ಯ ಮುಗಿದ ಕೈ ಇಳಿಸಿದ. ಮಾತು ಸುಳ್ಳಾಗಿರಲಿಲ್ಲ.

ಅಂದು ಸಂಜೆ ಊರು ಗುಡಿಯ ಕಟ್ಟೆಯ ಮೇಲೆ ಸೇರಿತು. ತಿಪ್ಪಯ್ಯ ಎಂಬ ಒಕ್ಕಲಿಗ ಎದ್ದು ನಿಂತು, "ನಮ್ಮಜ್ಜಿ ಬರದಾಗೆ ಹುಣಸೆ ಬೀಜ ಬೇಯಿಸ್ಕಂಡು ತಿಂದು ಸತ್ತೋಳು. ಗುಳ ಬಂದ ಮ್ಯಾಲೆ ನಮ್ಮನೇಲಿ ಹಸಿವಿನಿಂದ ಯಾರೂ ಸತ್ತಿಲ್ಲ. ಕುಲುಮೆ ಆರಿಸೋ ಮಾತು ಯಾರೂ ಆಡಬ್ಯಾಡ್ರಿ," ಎಂದ. ಕಂಬದ ಮರೆಯಲ್ಲಿ ಕೂತಿದ್ದ ಜಕ್ಕವ್ವ ಹೇಳಿದಳು: "ತಿಪ್ಪಯ್ಯಣ್ಣ, ನೀನು ಅನ್ನೋದು ಖರೆ. ನಮ್ಮ ಮಾವನ ಕಾಲಕ್ಕೆ ಒಂದು ಕುಲುಮೆ ಊರನ್ನ ಸಾಕ್ತಿತ್ತು. ಈಗ ಊರು ನಲವತ್ತು ಕುಲುಮೆ ಸಾಕ್ತಾ ಐತೆ." ಸಭೆ ಏನೂ ತೀರ್ಮಾನ ಮಾಡದೆ ಎದ್ದಿತು.

ಗೊತ್ತುಮಾಡಿದ ದಿನ ಹೊತ್ತು ಮೂಡುವಾಗ ನಲವತ್ತು ಕುಲುಮೆಗಳೂ ಹೊತ್ತಿಕೊಂಡವು. ಪಾರುಪತ್ಯಗಾರ ಚಪ್ಪರದ ಕೆಳಗೆ ಕೂತಿದ್ದ. ಮಧ್ಯಾಹ್ನ ತಿರುಗುವ ಹೊತ್ತಿಗೆ ಉರಿಯ ಬಣ್ಣ ಕೆಂಪು ಕಳೆದು ಹಳದಿಗೆ ಬಂತು. ಇನ್ನು ಎರಡು ಗಳಿಗೆ ಬಿಡದೆ ತಿದಿ ಒತ್ತಿದರೆ ಕಬ್ಬಿಣ ಕೂಡುತ್ತದೆ, ನಿಲ್ಲಿಸಿದರೆ ಎಲ್ಲ ಹಾಳು. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಕಾಟಯ್ಯನೇ. ಅವನು ಮೊದಲನೆಯ ಕುಲುಮೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ, "ಕೈ ಬಿಡ್ರಪ್ಪ," ಎಂದ. ತಿದಿಯವರಿಗೆ ಅರ್ಥವಾಗಲಿಲ್ಲ. "ಕೈ ಬಿಡ್ರಿ ಅಂದೆ," ಎಂದು ತಾನೇ ತಿದಿಯ ತೊಗಲನ್ನು ಕುಡುಗೋಲಿನಿಂದ ಸೀಳಿದ. ಹಾಗೆ ಒಂದೊಂದಾಗಿ ನಡೆದ. ಕೆಲವರು ತಾವಾಗಿ ಕೈ ಬಿಟ್ಟರು, ಕೆಲವರು ಅತ್ತರು, ಒಬ್ಬ ಅವನ ಕೆನ್ನೆಗೆ ಹೊಡೆದ. ಕಾವಲಿನವರು ಬಂದು ಹಿಡಿಯುವ ಹೊತ್ತಿಗೆ ಕೊನೆಯ ಸಾಲಿನ ಉರಿಯೂ ಕಪ್ಪಿಟ್ಟಿತ್ತು. ಒಳಗಿನದು ಅತ್ತ ಕಬ್ಬಿಣವೂ ಆಗದೆ ಇತ್ತ ಕಲ್ಲೂ ಆಗದೆ ಗೋಡೆಗೆ ಕಚ್ಚಿಕೊಂಡು ಕುಲುಮೆಗಳೂ ಕೆಟ್ಟವು. ವರ್ಷದ ಇದ್ದಿಲು ಬೂದಿಯಾಯಿತು. ನಾಲ್ಕನೆಯ ದಿನಕ್ಕೆ ಮುಂಗಾರು ಮುಂಚೆಯೇ ಹಿಡಿದು, ತೋಪು ಕಡಿದು ಸುಡುವ ಮಾತೂ ನಿಂತಿತು.

ಕಾಟಯ್ಯನನ್ನು ಕೈಕಟ್ಟಿ ಕೋಟೆಗೆ ಒಯ್ದರು. ಜಕ್ಕವ್ವ ಊರ ಗಡಿಯವರೆಗೆ ಮಳೆಯಲ್ಲಿ ಹಿಂದೆಯೇ ನಡೆದಳು. "ಒರತೇಲಿ ನೀರು ಮತ್ತೆ ಬರ್ತದಾ?" ಎಂದು ಕೇಳಿದಳಂತೆ.

"ಗೊತ್ತಿಲ್ಲ ಕಣೆ," ಎಂದನಂತೆ ಅವನು. ಅವನು ಮತ್ತೆ ಬರಲಿಲ್ಲ.

ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. ಕಂದಾಯ ಮತ್ತೆ ಬಿತ್ತು. ದೂರದ ಸೀಮೆಗಳಿಂದ ಬಂದಿದ್ದ ಜನ ಕೂಲಿಯಿಲ್ಲದೆ ಚದುರಿದರು. ಮೂರನೆಯ ವರ್ಷ ಮಳೆ ಹೋಯಿತು. ಸವೆದ ಗುಳ ಬದಲಿಸಲು ಕಬ್ಬಿಣವಿರಲಿಲ್ಲ, ತಿಪ್ಪಯ್ಯನ ಮನೆಯಲ್ಲಿ ಎರಡು ಮಕ್ಕಳು ತೀರಿಕೊಂಡವು. ಅವನು ಜಕ್ಕವ್ವನ ಬಾಗಿಲಿಗೆ ಬಂದು ನಿಂತು ಹೋದ. ಅವಳು ಬಾಗಿಲು ಹಾಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಮಾರನೆಯ ದಿನದಿಂದ ಅವಳೊಬ್ಬಳೇ ಬುಟ್ಟಿಯಲ್ಲಿ ಕಿಟ್ಟ ಹೊತ್ತು ತಂದು ಹಳ್ಳಕ್ಕೆ ಅಡ್ಡಲಾಗಿ ಹಾಕತೊಡಗಿದಳು. ಬರುವಷ್ಟು ನೀರನ್ನಾದರೂ ನಿಲ್ಲಿಸೋಣ ಎಂದು ಅವಳ ಲೆಕ್ಕ. ಒಂದು ತಿಂಗಳಾದ ಮೇಲೆ ತಿಪ್ಪಯ್ಯ ತನ್ನ ಗಾಡಿ ಹೂಡಿಕೊಂಡು ಬಂದ. ಆಮೇಲೆ ಊರು ಬಂತು. ಏರಿ ಮುಗಿಯಲು ಆರು ವರ್ಷ, ಕೆರೆ ಕೋಡಿ ಬೀಳಲು ಮತ್ತೆ ಮೂರು ವರ್ಷ ಹಿಡಿಯಿತು ಎನ್ನುತ್ತಾರೆ. ಅಷ್ಟರಲ್ಲಿ ಜಕ್ಕವ್ವ ಇರಲಿಲ್ಲ.

ಪಾಳೆಯಗಾರನಿಗೆ ಕಬ್ಬಿಣವೇನೂ ತಪ್ಪಲಿಲ್ಲ. ಒಂದು ತೋಪಿಗಾಗಿ ನಲವತ್ತು ಕುಲುಮೆ ಮತ್ತೆ ಕಟ್ಟುವ ಬದಲು ಪಾರುಪತ್ಯಗಾರ ಕೆಲಸವನ್ನು ಪೂರ್ವದ ಇನ್ನೊಂದು ಗುಡ್ಡಕ್ಕೆ ಸಾಗಿಸಿದ. ಅಲ್ಲಿಯೂ ಕಾಡಿತ್ತು, ಅಲ್ಲಿಯೂ ಒಂದು ಊರಿತ್ತು. ಕೋಟೆಯಿಂದ ಕಾಟಯ್ಯನನ್ನು ಅಲ್ಲಿಗೇ ಕೆಲಸಕ್ಕೆ ಹಾಕಿದರು ಎಂದು ಕೆಲವರು ಹೇಳುತ್ತಾರೆ; ಹೆಚ್ಚಿನವರು ಆ ಮಾತನ್ನು ಆಡಲು ಇಷ್ಟಪಡುವುದಿಲ್ಲ.

ಇಂದು ಏರಿಯ ಮೇಲೆ ನಿಂತವರಿಗೆ ಮರಡಿಯ ನೆತ್ತಿಯ ತೋಪು ಹಸಿರಾಗಿ ಕಾಣುತ್ತದೆ, ಬೇಸಿಗೆಯಲ್ಲೂ ಕೆರೆಯಲ್ಲಿ ಮೊಣಕಾಲುದ್ದ ನೀರಿರುತ್ತದೆ. ಬಂದವರು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋಗುತ್ತಾರೆ. ಪೂರ್ವಕ್ಕೆ ತಿರುಗಿ ನೋಡಿದರೆ, ಬಯಲಿನ ಆಚೆ, ಹುಲ್ಲೂ ಹುಟ್ಟದ ಕೆಂಪು ಗುಡ್ಡವೊಂದು ಬೋಳಾಗಿ ನಿಂತಿದೆ. ಅದರ ಬುಡದಲ್ಲಿ ಊರಿಲ್ಲ. ಅದರ ಹೆಸರೇನು ಎಂದು ಕೇಳಿದರೆ ತಣಿಗುಲುಮೆಯ ಹಿರಿಯರು, "ಹೇಳೋರು ಯಾರೂ ಉಳೀಲಿಲ್ಲ," ಎನ್ನುತ್ತಾರೆ.