ಕಿರೀಟಕ್ಕಷ್ಟೇ ನೆರಳು

ಬೊಮ್ಮರಸನೆಂಬ ದೊರೆ ಒಂದು ದಿನ ಓಲಗದಲ್ಲಿ ಮೀಸೆ ತಿರುವುತ್ತ ಹೇಳಿದ, "ಈ ಬೇಸಿಗೆಯಲ್ಲಿ ನನ್ನ ನಗರದ ಯಾರ ಬಾಯಿಂದಲೂ 'ಉಸ್ಸಪ್ಪಾ, ಬಿಸಿಲು' ಎಂಬ ಮಾತು ಬರಕೂಡದು."

ಇದಕ್ಕೆ ಕಾರಣವಿತ್ತು. ಸುತ್ತಲ ಗುಡ್ಡಗಳ ಮರ ಕಡಿದು ಅರಮನೆಗೆ ಹೊಸ ಮಹಡಿ ಎಬ್ಬಿಸಿದಾಗಿನಿಂದ ನಗರದ ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಮರವಿಲ್ಲದೆ ನೆರಳಿಲ್ಲ, ನೆರಳಿಲ್ಲದೆ ಕಲ್ಲು ಕಾಯುತ್ತದೆ, ಕಾದ ಕಲ್ಲು ರಾತ್ರಿಯೂ ತಣಿಯುವುದಿಲ್ಲ. ಆದ್ದರಿಂದ ದೊರೆ ಮನೆಮನೆಯಿಂದ ನೆರಳುಗಾಣಿಕೆ ಎತ್ತಿಸಿದ್ದ. ಅಂದರೆ ಬೀದಿಗಳಿಗೆ ಚಪ್ಪರ ಹಾಕಲು, ಸಸಿ ನೆಡಲು, ನೀರಿನ ತೊಟ್ಟಿ ಕಟ್ಟಲು ಎಲ್ಲರೂ ಕೊಟ್ಟ ಹಣ. ಅದನ್ನು ಹಂಚುವ ಕೆಲಸ ಬೊಕ್ಕಸ ನೋಡಿಕೊಳ್ಳುವ ಭಂಡಾರಿ ಗುಮ್ಮಟಸೆಟ್ಟಿಯದು.

ಗುಮ್ಮಟಸೆಟ್ಟಿ ರಾಜಬೀದಿಯಿಂದ ಶುರುಮಾಡಿದ. ಅಲ್ಲಿ ಚಪ್ಪರ, ಚಪ್ಪರಕ್ಕೆ ಜಾಲರಿ, ಜಾಲರಿಗೆ ಗೆಜ್ಜೆ ಎಲ್ಲ ಬಂದವು. ಗೆಜ್ಜೆಯಿಂದ ತಂಪಾಗುವುದಿಲ್ಲ, ಆದರೂ ಬಂದವು. ಅಷ್ಟಕ್ಕೇ ಹಣ ಮುಗಿಯಿತು. ಭಂಡಾರಿಯ ಮನೆ ಇದ್ದದ್ದೂ ರಾಜಬೀದಿಯಲ್ಲೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳಿದ್ದಾಯಿತು.

ರಾಜಬೀದಿ ಮುಗಿದಲ್ಲಿ ಕಂಚುಗಾರರ ಕೇರಿ. ಅಲ್ಲಿ ಮೇಲೆ ಸೂರ್ಯ, ಮನೆಯೊಳಗೆ ಕುಲುಮೆ. ಆ ಕೇರಿಯ ವೀರಾಚಾರಿ ಸುತ್ತಿಗೆ ಹಿಡಿದಿದ್ದ ಹಾಗೆಯೇ ತಲೆಸುತ್ತಿ ಬಿದ್ದ. ಅವನ ಹೆಂಡತಿ ಸಿದ್ದವ್ವ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿ, ಆಸ್ಥಾನದ ಹಾಸ್ಯಗಾರ ದೇಕಣ್ಣನನ್ನು ಹುಡುಕಿಕೊಂಡು ಬಂದಳು.

"ಕಾಣಿಕೆ ಎತ್ತುವಾಗ ನಮ್ಮ ಕೇರಿ ಊರೊಳಗಿತ್ತು. ನೆರಳು ಹಂಚುವಾಗ ಊರಾಚೆ ಹೋಯಿತೇನಪ್ಪಾ?" ಎಂದಳು. "ಇನ್ನೊಂದು ಸಲ ಬಿದ್ದರೆ ಅವರು ಏಳೋದಿಲ್ಲ."

ಯಾವಾಗಲೂ ನಗುತ್ತಿದ್ದ ದೇಕಣ್ಣ ಆಗ ನಗಲಿಲ್ಲ. ಮರುದಿನ ಓಲಗದಲ್ಲಿ ಕೇರಿಯ ಮಾತೆತ್ತಿದ.

ಗುಮ್ಮಟಸೆಟ್ಟಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವಿವರಿಸಿದ, "ಎಲ್ಲಿ ಚಿನ್ನ ಇದೆಯೋ ಅಲ್ಲಿಗೆ ನೆರಳು. ರಾಜಬೀದಿಯವರು ಚೀಲ ತುಂಬ ಕೊಟ್ಟರು, ಕೇರಿಯವರು ಹಿಡಿಯಷ್ಟು. ಇದು ನ್ಯಾಯ."

"ಬಹಳ ಒಳ್ಳೆಯ ನ್ಯಾಯ," ಎಂದ ದೇಕಣ್ಣ. "ಇದು ಎಲ್ಲರಿಗೂ ಅನ್ವಯಿಸುತ್ತದೆಯೋ?"

"ಎಲ್ಲರಿಗೂ."

"ಅರಮನೆಗೂ?"

"ಮೊದಲು ಅರಮನೆಗೆ," ಎಂದ ಭಂಡಾರಿ. ದೊರೆಯೂ ತಲೆಯಾಡಿಸಿದ.

"ಹಾಗಾದರೆ ಈ ಸಲದ ಅರವಟಿಗೆ ನಡಿಗೆಯ ಏರ್ಪಾಡು ನನಗಿರಲಿ, ಪ್ರಭು. ಇದೇ ನ್ಯಾಯದಲ್ಲಿ ಮಾಡಿಸುತ್ತೇನೆ, ಖರ್ಚೂ ಉಳಿಯುತ್ತದೆ," ಎಂದ ದೇಕಣ್ಣ. ಖರ್ಚು ಉಳಿಯುತ್ತದೆ ಎಂದ ಕೂಡಲೇ ಭಂಡಾರಿ ಒಪ್ಪಿದ.

ಅರವಟಿಗೆ ಎಂದರೆ ದಾರಿಹೋಕರಿಗೆ ನೀರು ಕೊಡುವ ಜಾಗ. ಚೈತ್ರದ ಮೊದಲ ಸೋಮವಾರ ನಡುಮಧ್ಯಾಹ್ನ ದೊರೆಯೇ ಕಿರೀಟ ತೊಟ್ಟು, ಬರಿಗಾಲಲ್ಲಿ, ಮೊದಲ ಕೊಡವನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ನಡೆಯುವುದು ಆ ವಂಶದ ಪದ್ಧತಿ. ಹೊರಟ ಮೇಲೆ ಹಿಂತಿರುಗುವಂತಿಲ್ಲ, ಓಡುವಂತಿಲ್ಲ, ಕೊಡ ಇಳಿಸುವಂತಿಲ್ಲ. ಅರವಟಿಗೆ ಇದ್ದದ್ದು ಕಂಚುಗಾರರ ಕೇರಿಯ ತುದಿಯಲ್ಲಿ. ಹಾಗಿದ್ದರೆ ಅಲ್ಲಿಯ ಬಿಸಿಲು ದೊರೆಗೆ ತಿಳಿದಿರಲಿಲ್ಲವೇ ಎಂದು ಕೇಳಬಹುದು. ತಿಳಿದಿರಲಿಲ್ಲ. ಏಕೆಂದರೆ ಪ್ರತಿ ವರ್ಷ ತಲೆಯ ಮೇಲೆ ಚಪ್ಪರದಷ್ಟು ಅಗಲದ ಬೆಳ್ಗೊಡೆ ಇರುತ್ತಿತ್ತು, ಕಾಲಡಿಗೆ ನೀರಲ್ಲಿ ನೆನೆಸಿದ ನಡೆಮಡಿ ಬಟ್ಟೆ ಹಾಸುತ್ತಿದ್ದರು.

ಈ ಸೋಮವಾರ ದೊರೆ ಹೊರಟಾಗ ದೇಕಣ್ಣ ಉದ್ದನೆಯ ಕೋಲಿನ ಒಂದು ಕೊಡೆ ಹಿಡಿದು ಹಿಂದೆ ನಿಂತ. ಕೊಡೆ ರೊಟ್ಟಿಯಷ್ಟು ಅಗಲವಿತ್ತು. ನೆರಳು ಸರಿಯಾಗಿ ಕಿರೀಟದ ಮೇಲೆ ಬೀಳುತ್ತಿತ್ತು, ಮೂಗಿನ ಮೇಲೂ ಬೀಳುತ್ತಿರಲಿಲ್ಲ. ನಡೆಮಡಿ ಹಾಸುವವರೂ ಇರಲಿಲ್ಲ.

ರಾಜಬೀದಿಯಲ್ಲಿ ಚಪ್ಪರವಿದ್ದುದರಿಂದ ದೊರೆಗೆ ಏನೂ ಅನಿಸಲಿಲ್ಲ. ಗೆಜ್ಜೆಯ ಸದ್ದು ಕೇಳುತ್ತ ಗಂಭೀರವಾಗಿ ನಡೆದ. ಆಮೇಲೆ ಕೇರಿಯ ಕಲ್ಲಿನ ಮೇಲೆ ಬಲಗಾಲಿಟ್ಟ. ತಟ್ಟನೆ ಎತ್ತಿದ. ಎಡಗಾಲಿಟ್ಟ. ಅದನ್ನೂ ಎತ್ತಿದ. ಎರಡನ್ನೂ ಒಟ್ಟಿಗೆ ಎತ್ತಲು ಬರುವುದಿಲ್ಲವಾದ್ದರಿಂದ ಕುಣಿಯತೊಡಗಿದ. ಕೊಡದ ನೀರು ತುಳುಕಿತು, ಕಿರೀಟ ಕಿವಿಯವರೆಗೆ ಜಾರಿತು.

"ಉಸ್ಸಪ್ಪಾ, ಬಿಸಿಲು!" ಎಂದುಬಿಟ್ಟ ದೊರೆ.

ಕೇರಿಯಲ್ಲಿ ಸುತ್ತಿಗೆಗಳು ನಿಂತವು. ಆ ಬೇಸಿಗೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವರಲ್ಲಿ ದೊರೆಯೇ ಮೊದಲಿಗ.

ಕುಣಿಯುತ್ತಲೇ ಅರವಟಿಗೆ ಸೇರಿ, ಪಕ್ಕದ ದನದ ತೊಟ್ಟಿಯ ನೀರಲ್ಲಿ ಕಾಲಿಳಿಸಿ ಕೂತ ಬೊಮ್ಮರಸ ಗುಡುಗಿದ, "ದೇಕಾ, ಇದೆಂಥ ಕೊಡೆಯೋ? ನನ್ನ ಕಾಲಿಗೆ ನೆರಳೆಲ್ಲಿ?"

"ಚಿನ್ನ ಇದ್ದಲ್ಲಿಗೆ ನೆರಳು ಎಂಬ ನ್ಯಾಯ, ಪ್ರಭು. ಚಿನ್ನ ಇರುವುದು ಕಿರೀಟದಲ್ಲಿ. ಪಾದದಲ್ಲಿ ಹುಡುಕಿದೆ, ಒಂದು ಗುಂಜಿಯೂ ಸಿಗಲಿಲ್ಲ," ಎಂದು ದೇಕಣ್ಣ ಕೈಮುಗಿದ. "ಒಂದೇ ಒಂದು ಸಂದೇಹ. ಸುಟ್ಟದ್ದು ಪಾದ. ಕಿರೀಟ ಯಾಕೆ ಕುಣಿಯಿತು?"

ದೊರೆ ಬೊಬ್ಬೆ ಎದ್ದ ಪಾದ ನೋಡಿಕೊಂಡ. ಎದುರು ಮನೆಯ ಜಗಲಿಯಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿದ್ದ ವೀರಾಚಾರಿಯನ್ನೂ, ಅವನಿಗೆ ಗಾಳಿ ಬೀಸುತ್ತಿದ್ದ ಸಿದ್ದವ್ವನನ್ನೂ ನೋಡಿದ. ಆ ಕಿರೀಟಕ್ಕೆ ಬೆಸುಗೆ ಹಾಕಿದ್ದು ವೀರಾಚಾರಿಯೇ ಎಂಬುದು ಅವನಿಗೆ ಗೊತ್ತಿತ್ತು. ಕಿವಿಗೆ ಜಾರಿದ್ದ ಕಿರೀಟ ತೆಗೆದು ಪಕ್ಕಕ್ಕಿಟ್ಟು, ತನ್ನ ಕುಣಿತ ನೆನೆದು ತೊಟ್ಟಿಯ ನೀರು ಅಲುಗುವಷ್ಟು ನಕ್ಕ.

ರಾಜಬೀದಿಯ ಜಾಲರಿ, ಗೆಜ್ಜೆ ಬಿಚ್ಚಿ ಮಾರಿ, ಆ ಹಣವನ್ನು ಬಿಸಿಲು ಹೆಚ್ಚು ಬೀಳುವ ಕೇರಿಗಳಿಗೆ ಮೊದಲು ಕೊಡಬೇಕೆಂದು ಅಪ್ಪಣೆಯಾಯಿತು. ಏನು ಬೇಕು ಎಂದು ದೊರೆ ಸಿದ್ದವ್ವನನ್ನೇ ಕೇಳಿದ. ಕುಲುಮೆಯ ಮುಂದೆ ಚಪ್ಪರ ಹಾಕಿದರೆ ಬೆಂಕಿ ಹತ್ತುತ್ತದೆ, ಅಲ್ಲಿಗೆ ಹೊಂಗೆಯ ಸಸಿ ಸಾಕು. ಚಪ್ಪರ ತೊಟ್ಟಿಯ ಹತ್ತಿರ ಇರಲಿ, ಕೆಲಸದ ನಡುವೆ ಗಂಡಸರು ಬಂದು ಕೂರುತ್ತಾರೆ ಎಂದಳು ಅವಳು. ಹಾಗೆಯೇ ಆಗಲಿ ಎಂದ ದೊರೆ.

"ನಿನಗೇನು ಬಹುಮಾನ ಬೇಕೋ?" ಎಂದು ದೇಕಣ್ಣನನ್ನು ಕೇಳಿದ.

"ಭಂಡಾರಿಗಳ ಗಾದಿಯನ್ನು ಈ ಕೇರಿಗೆ ತರಿಸಿ, ಪ್ರಭು. ಹೊಂಗೆಯ ನೆರಳು ಗಾದಿಯ ಮೇಲೆ ಬೀಳುವವರೆಗೆ ಅವರು ಇಲ್ಲಿಯೇ ಕೂತು ಹಣ ಹಂಚಲಿ."

ಸಂಜೆಯೊಳಗೆ ತೊಟ್ಟಿಯ ಬಳಿ ಚಪ್ಪರ ಎದ್ದಿತು. ವೀರಾಚಾರಿಯನ್ನು ಅದರಡಿಗೆ ತಂದು ಮಲಗಿಸಿದರು. ಮರುದಿನ ಬೆಳಿಗ್ಗೆ ಅವನು ಎದ್ದು ಕೂತು ಅಂಬಲಿ ಕುಡಿದ.

ಗುಮ್ಮಟಸೆಟ್ಟಿ ಬಿಸಿಲಿನ ಗಾದಿಯಲ್ಲಿ ಬೆವರು ಒರೆಸುತ್ತ, ಮೊಣಕಾಲೆತ್ತರದ ಹೊಂಗೆ ಸಸಿಯನ್ನು ನೋಡುತ್ತಿದ್ದ. "ದೇಕಣ್ಣಾ, ಇದು ಮರವಾಗಲು ಎಷ್ಟು ಕಾಲ ಬೇಕಪ್ಪಾ?" ಎಂದು ಮೆಲ್ಲಗೆ ಕೇಳಿದ.

ದೇಕಣ್ಣ ಖಾಲಿ ಕೊಡವೊಂದನ್ನು ತಂದು ಅವನ ಮುಂದಿಟ್ಟ.

"ಅದು ನಿಮ್ಮ ಕೈಯಲ್ಲೇ ಇದೆ, ಸ್ವಾಮಿ. ಬಾವಿ ಆ ಕಡೆ."