ಮೂರು ಸೆರಗಿನ ಸೀರೆ

ಹೊಳೆಯ ಆಚೆ ದಡದಲ್ಲಿ ಹಂಸಾವತಿ ಅಂತ ಒಂದು ಪಟ್ಟಣ. ಅಲ್ಲೊಬ್ಬ ರಾಜ, ರಾಜನಿಗೊಬ್ಬಳು ರಾಣಿ, ಇಬ್ಬರಿಗೂ ಸೇರಿ ಒಬ್ಬನೇ ಮಗ ವೀರಸೇನ. ಆದರೆ ಮಕ್ಕಳೇ, ಇದು ಅವನ ಕಥೆಯಲ್ಲ. ಅವನ ಕೈಹಿಡಿದು ಅರಮನೆಗೆ ಬಂದ ನಿಂಬೆವ್ವನ ಕಥೆ.

ನಿಂಬೆವ್ವ ಅಂಬಿಗರ ಹುಡುಗಿ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ, ತಂಗಿ ಸಂಗವ್ವ, ಒಂದು ಹರಿಗೋಲು, ಇಷ್ಟೇ ಸಂಸಾರ. ಒಂದು ದಿನ ಬೇಟೆಗೆ ಹೊರಟ ರಾಜಕುಮಾರ ಆ ಹರಿಗೋಲು ಹತ್ತಿದ. ಹತ್ತಿದವನು ಕೂರಬೇಕೋ ಬೇಡವೋ? ನಡುಹೊಳೆಯಲ್ಲಿ ಎದ್ದು ನಿಂತು ಕೈ ಬೀಸುತ್ತ ದಿಕ್ಕು ತೋರಿಸತೊಡಗಿದ. ಹುಟ್ಟು ಹಾಕುತ್ತಿದ್ದ ನಿಂಬೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಮ್ನ ಕುಂದರ್ರಿ. ಇಲ್ಲಂದ್ರ ಈಜಿಕೊಂತ ಬರ್ರಿ."

ಹುಟ್ಟಿದಾಗಿನಿಂದ ಅವನಿಗೆ ಹಾಗೆ ಅಂದವರೇ ಇರಲಿಲ್ಲ. ತೆಪ್ಪಗೆ ಕೂತ. ದಡ ಮುಟ್ಟುವ ಹೊತ್ತಿಗೆ ಮದುವೆಯಾದರೆ ಇವಳನ್ನೇ ಅಂತ ನಿಶ್ಚಯ ಮಾಡಿದ್ದ. ನಿಂಬೆವ್ವನಿಗೂ ಅವನು ಹಿಡಿಸಿದ. ಹೇಳಿದ ಮಾತು ಕೇಳುವ ಗಂಡು ಸಿಕ್ಕರೆ ಯಾರು ಬಿಡುತ್ತಾರೆ, ಹೇಳಿ?

ಅರಮನೆಯಲ್ಲಿ ಉಡುಗೆ ತೊಡುಗೆಗೆಂದೇ ಒಬ್ಬ ಅಧಿಕಾರಿ ಇದ್ದ. ಪೀತಾಂಬರಯ್ಯ ಅಂತ ಹೆಸರು. ಯಾರು ಯಾವ ದಿನ ಏನು ಉಡಬೇಕು ಅನ್ನುವುದೆಲ್ಲ ಅವನ ಅಪ್ಪಣೆ. ಮದುವೆಯ ದಿನ ಅವನು ನಿಂಬೆವ್ವನಿಗೆ ಉಡಿಸಿದ ಜರಿ ಸೀರೆ ಎಷ್ಟು ಭಾರ ಇತ್ತೆಂದರೆ, ಸಪ್ತಪದಿ ತುಳಿಯುವಾಗ ಇಬ್ಬರು ದಾಸಿಯರು ಹಿಂದಿನಿಂದ ನೂಕಬೇಕಾಯಿತು. ಮುಖದ ಮುಂದೆ ಮುತ್ತಿನ ಜಾಲರಿ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗದು. ಊರೆಲ್ಲ ಅವಳ ಮದುವೆಯ ಹೋಳಿಗೆ ಬಾರಿಸಿತು, ಮದುಮಗಳು ಮಾತ್ರ ತುಪ್ಪದ ವಾಸನೆ ಕುಡಿದು ಎದ್ದಳು. ಮೂಗು ತುರಿಸಿತು, ತುರಿಸಿಕೊಳ್ಳೋಣವೆಂದರೆ ಮೊಣಕೈವರೆಗೂ ಬಳೆ, ಕೈ ಮಡಚಲಾಗದು. ಜಾಲರಿ ಸ್ವಲ್ಪ ಸರಿಸಲೇ ಅಂತ ಕೇಳಿದಳು.

"ಅರಮನಿ ಪದ್ಧತಿ, ತಾಯಿ," ಅಂದ ಪೀತಾಂಬರಯ್ಯ.

ಎರಡನೆಯ ಸಲ, ಒಡ್ಡೋಲಗದಲ್ಲಿ ಸೊಸೆಯನ್ನು ಎಲ್ಲರಿಗೂ ತೋರಿಸುವ ದಿನ. ಅವತ್ತಿನ ಸೀರೆಯ ನಿರಿಗೆ ಮುದುಡಬಾರದಂತೆ. ನಿಂಬೆವ್ವ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದಳು. ಮೂರನೆಯ ಸಲ ನಾಗರಪಂಚಮಿ. ಹೊಳೆದಂಡೆಯ ಆಲದ ಮರಕ್ಕೆ ಜೋಕಾಲಿ ಕಟ್ಟಿದ್ದರು, ಅದನ್ನು ನೋಡಿ ಅವಳ ಕಾಲುಗಳು ತಾವೇ ಕುಣಿದವು. ಆದರೆ ಆ ದಿನದ ಸೆರಗು ಅಂಗಳ ದಾಟಿ ಬಾಗಿಲವರೆಗೆ ಹರಡಿತ್ತು. ಊರಿನ ಹುಡುಗಿಯರೆಲ್ಲ ಜೀಕಿದರು. ನಿಂಬೆವ್ವ ನೋಡುತ್ತ ನಿಂತಳು. ಮೂರೂ ಸಲ ಉತ್ತರ ಒಂದೇ, ಅರಮನೆ ಪದ್ಧತಿ.

ಈ ಪದ್ಧತಿಯ ಒಳಗುಟ್ಟು ಬೇರೆಯೇ ಇತ್ತು. ಅರಮನೆ ಸೊಸೆ ಇವತ್ತು ಉಟ್ಟದ್ದನ್ನು ನಾಳೆ ಪಟ್ಟಣವೆಲ್ಲ ಉಡಬೇಕು ಅನ್ನುತ್ತಿತ್ತು. ಪೇಟೆಯಲ್ಲಿ ಅಂಥ ಸೀರೆ ಸಿಗುವುದು ಒಂದೇ ಅಂಗಡಿಯಲ್ಲಿ. ಹೆಸರಿಗೆ ಅದು ಪೀತಾಂಬರಯ್ಯನ ಭಾಮೈದನ ಅಂಗಡಿ, ಗಲ್ಲಾಪೆಟ್ಟಿಗೆಯ ಬೀಗದ ಕೈ ಇದ್ದದ್ದು ಪೀತಾಂಬರಯ್ಯನ ಸೊಂಟದಲ್ಲಿ.

ಪಂಚಮಿ ಕಳೆದು ಕೆಲವು ದಿನಕ್ಕೆ ಸಂಗವ್ವ ಅಕ್ಕನನ್ನು ನೋಡಲು ಬಂದಳು. ಬಂದವಳು ನಗಲಿಲ್ಲ. ಹೊಳೆಯಾಚೆಯ ಹುಡುಗನ ಜೊತೆ ಅವಳ ಮದುವೆ ಮಾತಾಗಿತ್ತು, ಹುಡುಗ ಒಳ್ಳೆಯವನು. ಆದರೆ ಅವನ ತಾಯಿ ಹಟ ಹಿಡಿದಿದ್ದಳು.

"ಅರಮನಿ ಸೊಸಿ ಉಟ್ಟಂಥಾ ಸೀರಿ ತರಬೇಕಂತ, ಅಕ್ಕಾ. ಇಲ್ಲಂದ್ರ ಮದುವಿ ಅಕ್ಕಿಕಾಳ ಬೀಳೂದಿಲ್ಲಂತ. ಅಪ್ಪ ಹರಿಗೋಲು ಮಾರಾಕ ಹೊಂಟಾನ."

ನಿಂಬೆವ್ವ ಯೋಚಿಸಿದಳು. ಹರಿಗೋಲು ಹೋದರೆ ಅಪ್ಪ ತಿನ್ನುವುದೇನು? ತಾನು ಅನ್ನ ಕಾಣದೆ ಉಟ್ಟ ಸೀರೆ ಅಪ್ಪನ ಅನ್ನವನ್ನೂ ಕಿತ್ತುಕೊಳ್ಳುತ್ತದೆಯೇ? ಓಣಿಯಲ್ಲಿ ಇನ್ನೂ ಎಷ್ಟೋ ಹುಡುಗಿಯರ ಮದುವೆ ಹೀಗೇ ನಿಂತಿದೆ, ಒಬ್ಬರು ಎತ್ತು ಮಾರಿದರು, ಇನ್ನೊಬ್ಬರು ಹೊಲ ಬರೆದುಕೊಟ್ಟರು ಅಂತ ಸಂಗವ್ವ ಹೇಳುತ್ತಲೇ ಹೋದಳು.

ನಿಂಬೆವ್ವ ಮೊದಲು ಪೀತಾಂಬರಯ್ಯನ ಹತ್ತಿರ ಹೋದಳು. ನನ್ನ ಮದುವೆ ಸೀರೆಯನ್ನೇ ತಂಗಿಗೆ ಕೊಡುತ್ತೇನೆ ಅಂದಳು. ಒಮ್ಮೆ ಉಟ್ಟದ್ದು ಉಗ್ರಾಣಕ್ಕೆ ಸೇರಬೇಕು, ಪದ್ಧತಿ ಅಂದ ಅವನು. ಆಮೇಲೆ ಗಂಡನ ಹತ್ತಿರ ಹೋದಳು. ವೀರಸೇನ ಪಾಪ ತಲೆ ಕೆರೆದುಕೊಂಡ. ತನ್ನ ರುಮಾಲನ್ನು ಕೂಡ ಪೀತಾಂಬರಯ್ಯನೇ ಸುತ್ತುವುದು, ಕಿವಿ ಮುಚ್ಚಿ ಅರ್ಧ ಮಾತು ಕೇಳಿಸುವುದೇ ಇಲ್ಲ ಅಂತ ತನ್ನ ಗೋಳನ್ನೇ ತೋಡಿಕೊಂಡ. ಕೊನೆಗೆ ಹೆದರುತ್ತ ಹೆದರುತ್ತ ಅತ್ತೆಯ ಹತ್ತಿರ ಹೋದಳು.

ರಾಣಿ ಎಲ್ಲ ಕೇಳಿದಳು. ಬಾಗಿಲು ಹಾಕಿದಳು. ರೇಷ್ಮೆ ಸೀರೆಗಳ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಒಳಗೆ ಒಂದು ನೂಲಿನ ಸೀರೆ. ತೊಳೆದು ತೊಳೆದು ಬಣ್ಣ ಮಾಸಿತ್ತು, ಅಂಚಿನಲ್ಲೊಂದು ತೇಪೆ.

"ನಮ್ಮವ್ವಂದು," ಅಂದಳು ರಾಣಿ. "ನಾನೂ ಮೊಸರು ಮಾರೋರ ಮಗಳ ಅದೀನಿ. ಬರೋವಾಗ ಇದನ್ನ ಮುಚ್ಚಿಟ್ಟು ತಂದೆ. ಇಷ್ಟ ವರ್ಷಾತು, ಒಂದಿನಾನೂ ಉಟ್ಟಿಲ್ಲ."

ಅವಳು ಸೀರೆಯನ್ನು ಮುಖಕ್ಕೆ ಒತ್ತಿಕೊಂಡಳು. ನಿಂಬೆವ್ವನಿಗೆ ಆ ಕ್ಷಣದಲ್ಲಿ ಅತ್ತೆ ಹೋಗಿ ಅವ್ವನೇ ಸಿಕ್ಕ ಹಾಗಾಯಿತು. ಇಬ್ಬರೂ ಒಂದಿಷ್ಟು ಅತ್ತರು. ಅತ್ತಾದ ಮೇಲೆ ರಾಣಿ ಕಣ್ಣೊರೆಸಿಕೊಂಡು ಒಂದು ಮಾತು ನೆನಪಿಸಿದಳು. ಗೌರಿ ಹುಣ್ಣಿಮೆಯ ದಿನ ಅತ್ತೆ ಕೈಯಾರೆ ಕೊಟ್ಟ ಸೀರೆ ಉಟ್ಟೇ ಸೊಸೆ ಸಕ್ಕರೆ ಆರತಿ ಎತ್ತಬೇಕು. ಇದೂ ಅರಮನೆ ಪದ್ಧತಿಯೇ, ಎಲ್ಲಕ್ಕಿಂತ ಹಳೆಯದು. ರಾಣಿ ಸೊಸೆಯಾಗಿದ್ದಾಗ ಆ ಸೀರೆಯನ್ನೂ ಪೀತಾಂಬರಯ್ಯನೇ ಆರಿಸಿ ಅವಳ ಅತ್ತೆಯ ಕೈಗಿಡುತ್ತಿದ್ದ, ಅಷ್ಟೇ.

ಇತ್ತ ಪೀತಾಂಬರಯ್ಯ ಹುಣ್ಣಿಮೆಗೆಂದು ನೇರಳೆ ಬಣ್ಣದ ಮೂರು ಸೆರಗಿನ ಸೀರೆ ನೇಯಿಸಿದ್ದ. ಒಂದು ಸೆರಗು ಹೆಗಲಿಗೆ, ಒಂದು ತಲೆಗೆ, ಇನ್ನೊಂದು ಯಾತಕ್ಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಸೊಸೆ ಇದನ್ನೇ ಉಡುತ್ತಾಳೆ ಅಂತ ಡಂಗುರ ಹೊಡೆಸಿದ. ಮನೆ ಒತ್ತೆಯಿಟ್ಟು ಅಂಗಡಿ ತುಂಬ ಅಂಥವೇ ಸೀರೆ ತುಂಬಿಸಿದ.

ಹುಣ್ಣಿಮೆ ಬಂತು. ಜನ ಕಿಕ್ಕಿರಿದು ಸೇರಿದರು. ನಿಂಬೆವ್ವ ಆರತಿ ಹಿಡಿದು ಹೊರಗೆ ಬಂದಳು, ಮೈಮೇಲೆ ಮಾಸಿದ ನೂಲಿನ ಸೀರೆ. ಯಾರೂ ನೂಕಲಿಲ್ಲ, ಸರಸರ ನಡೆದಳು. ಜನ ಕತ್ತು ಚಾಚಿ ನೋಡಿದರು. ಪೀತಾಂಬರಯ್ಯ ಬಾಯಿ ತೆರೆಯುವಷ್ಟರಲ್ಲಿ ರಾಣಿ ಅವನ ಕಡೆ ತಿರುಗಿ, ಅತ್ತೆ ಕೊಟ್ಟ ಸೀರೆ, ಪದ್ಧತಿ ಅಂತ ಮೆಲ್ಲಗೆ ಅಂದಳು. ಗುಂಪಿನಲ್ಲಿದ್ದ ಒಬ್ಬ ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಇಂಥಾದ್ದು ನಮ್ಮವ್ವಂದೂ ಐತಿ ಅಂದಳು.

ಆಯಿತಲ್ಲ. ಮರುದಿನ ಪಟ್ಟಣದ ಪೆಟ್ಟಿಗೆಗಳೆಲ್ಲ ತೆರೆದವು. ಅವ್ವನ ಸೀರೆ, ಅಜ್ಜಿಯ ಸೀರೆ ಬಿಸಿಲಿಗೆ ಬಂದವು. ಬೀಗಿತ್ತಿಯರೆಲ್ಲ ಒಂದೇ ರಾಗ ತೆಗೆದರು, ಮದುಮಗಳು ಅವ್ವನ ಸೀರೆಯನ್ನೇ ಉಡಬೇಕು. ಸಂಗವ್ವನ ಆಗುವ ಅತ್ತೆಯೂ ಅದನ್ನೇ ಅಂದಳು. ಅವ್ವನ ಸೀರೆ ಸಂಗವ್ವನ ಹಾಸಿಗೆಯಡಿ ಮಡಿಸಿಯೇ ಇತ್ತು. ಹರಿಗೋಲು ಉಳಿಯಿತು.

ಪೀತಾಂಬರಯ್ಯನ ಅಂಗಡಿಗೆ ನೊಣ ಕೂಡ ಬರಲಿಲ್ಲ. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದ. ಹೊಸ ಸೀರೆಗಳನ್ನು ಕೆರೆಗೆ ಹೊತ್ತು ಒಯ್ದು ಕಲ್ಲಿಗೆ ಬಡಿಯತೊಡಗಿದ, ಹಳೆಯವಾಗಲಿ ಅಂತ. ಭಾಮೈದನೂ ಬಡಿದ. ಬಡಿದಷ್ಟೂ ಬಣ್ಣ ಬಿಟ್ಟು ಕೆರೆ ನೇರಳೆಯಾಯಿತು. ಎಮ್ಮೆಗಳ ಮೂತಿ ನೇರಳೆಯಾಯಿತು. ನೀರು ಕುಡಿದು ಬಂದ ರಾಜನ ಬಿಳಿ ಕುದುರೆಯೂ ನೇರಳೆ ಮೂತಿ ಹೊತ್ತು ಅಂಗಳದಲ್ಲಿ ನಿಂತಿತು.

ರಾಜ ತಾನೇ ಕೆರೆಗೆ ಹೋದ. ನೋಡಿದರೆ ತನ್ನ ಉಡುಗೆಯ ಅಧಿಕಾರಿ ಕಚ್ಚೆ ಕಟ್ಟಿ ಸೀರೆ ಒಗೆಯುತ್ತಿದ್ದಾನೆ. ಕೇಳಿದ್ದಕ್ಕೆ ತಡವರಿಸಿದ, ಗದರಿದ್ದಕ್ಕೆ ಎಲ್ಲ ಕಕ್ಕಿದ. ಏನು ಶಿಕ್ಷೆ ಕೊಡಲಿ ಅಂತ ರಾಜ ಸೊಸೆಯನ್ನು ಕೇಳಿದ. ತಂಗಿಯ ಮದುವೆಗೆ ಅವರನ್ನು ಊಟಕ್ಕೆ ಕರೆಯೋಣ, ಸಾಕು ಅಂದಳು ನಿಂಬೆವ್ವ.

ಹೊಳೆದಂಡೆಯಲ್ಲಿ ಸಂಗವ್ವನ ಮದುವೆ ನಡೆಯಿತು. ಅವ್ವನ ಸೀರೆಯುಟ್ಟ ಮದುಮಗಳು ಹೋಳಿಗೆಯ ಮೇಲೆ ಹೋಳಿಗೆ ತಿಂದಳು. ಮೊದಲ ಪಂಕ್ತಿಯಲ್ಲೇ ಪೀತಾಂಬರಯ್ಯನನ್ನು ಕೂರಿಸಿದ್ದರು. ಮೈಮೇಲೆ ಮೂರು ಸೆರಗಿನ ಸೀರೆ, ಮೊಣಕೈವರೆಗೆ ಬಳೆ, ಮುಖದ ಮುಂದೆ ಮುತ್ತಿನ ಜಾಲರಿ. ಎಲೆಯಲ್ಲಿ ಬಿಸಿ ಹೋಳಿಗೆ, ಮೇಲೆ ತುಪ್ಪ. ಅವನ ಮೂಗು ತುರಿಸತೊಡಗಿತು. ಈ ಜಾಲರಿ ಸ್ವಲ್ಪ ಸರಿಸಲೇ ಅಂತ ದೈನ್ಯದಿಂದ ಕೇಳಿದ.

ನಿಂಬೆವ್ವ ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದಳು.

"ಅರಮನಿ ಪದ್ಧತಿ, ಅಯ್ಯಾರ," ಅಂದಳು.

ಅಲ್ಲಿಂದ ಮುಂದೆ ಅರಮನೆಯಲ್ಲಿ ಯಾರಿಗೆ ಏನು ಬೇಕೋ ಅದನ್ನು ಅವರೇ ಉಟ್ಟರು. ಮುಂದಿನ ಪಂಚಮಿಗೆ ಆಲದ ಮರದ ಜೋಕಾಲಿಯಲ್ಲಿ ಅತ್ತೆ ಸೊಸೆ ಇಬ್ಬರೂ ಜೀಕಿದರು, ವೀರಸೇನ ಹಿಂದಿನಿಂದ ನೂಕಿದ.

ನೀತಿ ಇಷ್ಟೇ, ಮಕ್ಕಳೇ. ಇನ್ನೊಬ್ಬರ ಮೇಲೆ ಒಂದು ಪದ್ಧತಿ ಹೇರುವ ಮೊದಲು ಅದನ್ನು ಒಂದು ದಿನ ನಾವೇ ಉಟ್ಟು ನೋಡಬೇಕು. ಉಟ್ಟು ಊಟ ಮಾಡಲಾಗದಿದ್ದರೆ ಅದು ಪದ್ಧತಿಯಲ್ಲ, ಯಾರದೋ ವ್ಯಾಪಾರ. ಕಥೆ ಹೊಳೆ ದಾಟಿತು, ನೀವು ಕೈ ತೊಳೆದು ಊಟಕ್ಕೆ ಏಳಿ.